ಮಕ್ಕಳು ತಾವೇ ಮಾಡುವ ಕಂಪ್ಯೂಟರ್ ಪೀರಿಯಡ್: ಶಿಕ್ಷಕರಿಗೆ ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆ ಇದು: "ಲ್ಯಾಬ್ ಇದೆ, ಸ್ಮಾರ್ಟ್ ಬೋರ್ಡ್ ಬಂದಿದೆ. ಮಕ್ಕಳ ಸೃಜನಶೀಲತೆ ಬೆಳೆಸೋಕೆ ಒಳ್ಳೆ ಆಪ್ ಯಾವುದು ಹೇಳಿ." ಸರ್ಕಾರಿ ಶಾಲೆಯವರೂ ಕೇಳುತ್ತಾರೆ, ಜಾಸ್ತಿ ಫೀಸಿನ ಖಾಸಗಿ ಶಾಲೆಯವರೂ ಕೇಳುತ್ತಾರೆ. ಆಪ್‌ಗಳ ಹೆಸರು ಕೆಳಗೆ ಕೊಟ್ಟಿದ್ದೇನೆ. ಆದರೆ ಹೆಸರು ಗೊತ್ತಾದರೆ ಅರ್ಧ ಕೆಲಸವೂ ಆಗುವುದಿಲ್ಲ. ಒಂದೇ ಆಪ್ ಇಟ್ಟುಕೊಂಡು ಒಂದು ಕ್ಲಾಸಿನ ಮಕ್ಕಳು ಒಬ್ಬೊಬ್ಬರು ಒಂದೊಂದು ಥರ ಕೆಲಸ ಮಾಡುತ್ತಾರೆ. ಪಕ್ಕದ ಕ್ಲಾಸಿನವರು ಬೋರ್ಡಿನ ಮೇಲೆ ಕಂಡದ್ದನ್ನೇ ಇಳಿಸಿಕೊಳ್ಳುತ್ತಾರೆ. ನೀವು ಯಾವ ಪ್ರಶ್ನೆ ಕೊಡುತ್ತೀರಿ, ಕೊಟ್ಟಮೇಲೆ ಎಷ್ಟು ಸುಮ್ಮನಿರುತ್ತೀರಿ, ಇವೆರಡರ ಮೇಲೆ ಎಲ್ಲ ನಿಂತಿದೆ.

ಮುಕ್ತ ಸಾಧನ ಅಂದರೆ ಯಾವುದು?

ಒಂದೇ ಸರಿ ಉತ್ತರ ಇಲ್ಲದ ಸಾಧನವನ್ನು ಇಲ್ಲಿ ಮುಕ್ತ ಸಾಧನ ಎಂದು ಕರೆಯುತ್ತೇನೆ. ಕ್ವಿಜ್ ಆಪ್ ಮುಕ್ತ ಅಲ್ಲ. ಅದರಲ್ಲಿ ಉತ್ತರ ಮೊದಲೇ ಇರುತ್ತದೆ, ಮಗು ಅದನ್ನು ಮುಟ್ಟಬೇಕು ಅಷ್ಟೇ. ಪಾಠದ ವಿಡಿಯೋ ಕೂಡ ಮುಕ್ತ ಅಲ್ಲ. ಇವು ಬೇಡ ಎಂದಲ್ಲ, ಅಭ್ಯಾಸಕ್ಕೆ, ಪುನರಾವರ್ತನೆಗೆ ಚೆನ್ನಾಗಿವೆ. ಆದರೆ ಮಗು ತನ್ನದೇ ಆದದ್ದನ್ನು ಮಾಡಲು ಖಾಲಿ ಜಾಗ ಬೇಕು. ಚಿತ್ರ ಬಿಡಿಸುವ ತಂತ್ರಾಂಶ, ಸದ್ದು ಜೋಡಿಸುವ ತಂತ್ರಾಂಶ, ಆದೇಶ ಬರೆದ ಬ್ಲಾಕ್‌ಗಳನ್ನು ಪರದೆಯ ಮೇಲೆ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್, ರೇಖಾಗಣಿತದ ಜಿಯೋಜೀಬ್ರಾ, ಇವೆಲ್ಲ ಆ ಜಾತಿಗೆ ಸೇರಿದವು.

ಯಾವುದೇ ಹೊಸ ಸಾಧನ ನೋಡಿದಾಗ ಮೂರು ವಿಷಯ ಪರೀಕ್ಷಿಸಿ. ಏನೂ ಗೊತ್ತಿಲ್ಲದ ಮಗು ಹತ್ತು ನಿಮಿಷದಲ್ಲಿ ಏನಾದರೊಂದು ಮಾಡಬಲ್ಲದಾ? ಅದೇ ಮಗುವಿಗೆ ಒಂದು ವರ್ಷ ಆದಮೇಲೂ ಅದರಲ್ಲಿ ಮಾಡಲು ಹೊಸದು ಉಳಿದಿರುತ್ತದಾ? ಒಂದೇ ವಿಷಯ ಕೊಟ್ಟರೂ ಇಡೀ ಕ್ಲಾಸಿನ ಕೆಲಸ ಬೇರೆ ಬೇರೆಯಾಗಿ ಬರುತ್ತದಾ? ಮೊದಲೆರಡು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೆಮೂರ್ ಪ್ಯಾಪರ್ಟ್ ಅವರ ಯೋಚನೆ. ಮೂರನೆಯದನ್ನು ಸೇರಿಸಿದವರು ಮಿಚೆಲ್ ರೆಸ್ನಿಕ್. ಅವರ ತಂಡ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಸ್ಕ್ರ್ಯಾಚ್ ಅನ್ನು ರೂಪಿಸಿ 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ದುಬಾರಿ ಪ್ಯಾಕೇಜ್ ಮಾರಲು ಬಂದವರಿಗೂ ಈ ಮೂರು ಪ್ರಶ್ನೆ ಕೇಳಿ. ಎಷ್ಟೋ ಪ್ಯಾಕೇಜ್‌ಗಳು ಮೂರನೆಯದರಲ್ಲಿ ನಿಲ್ಲುವುದಿಲ್ಲ.

ಏನೇನು ಬೇಕು?

ಹೊಸ ಮಷೀನ್ ಬೇಕಿಲ್ಲ. ಈಗಿರುವ ಕಂಪ್ಯೂಟರ್‌ಗಳಲ್ಲಿ ಎಷ್ಟು ನಿಜವಾಗಿ ಆನ್ ಆಗುತ್ತವೆ ಎಂದು ಮೊದಲು ಎಣಿಸಿ. ಎಂಟು ಇದ್ದರೆ ಎಂಟಕ್ಕೇ ಯೋಜನೆ ಮಾಡಿ. ಮೌಸ್ ಮಾತ್ರ ಸರಿಯಾಗಿರಬೇಕು. ಬ್ಲಾಕ್ ಎಳೆದು ಜೋಡಿಸುವ ಕೆಲಸದಲ್ಲಿ ಕೆಟ್ಟ ಮೌಸ್ ಇದ್ದರೆ ಮಗು ಅಲ್ಲಿಗೇ ಬಿಟ್ಟುಬಿಡುತ್ತದೆ. ಮೌಸ್, ಹೆಡ್‌ಫೋನ್, ಪೆನ್‌ಡ್ರೈವ್ ಇಂಥವಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ಬಿಲ್ ಕೇಳಿ ತಗೊಳ್ಳಿ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಲೆಕ್ಕಕ್ಕೆ ಬೇಕಾಗುತ್ತದೆ.

ಇದರ ಜೊತೆ ಧ್ವನಿ ರೆಕಾರ್ಡ್ ಮಾಡಲು ನಿಮ್ಮದೇ ಒಂದು ಫೋನ್. ಪ್ರತಿ ಗುಂಪಿಗೆ ಒಂದು 100 ಪುಟದ ನೋಟ್‌ಬುಕ್. ಕರೆಂಟ್ ಹೋಗುವ ಕಡೆ ಯುಪಿಎಸ್ ಇಲ್ಲದಿದ್ದರೆ ಒಂದು ಕಟ್ಟುನಿಟ್ಟಾದ ಅಭ್ಯಾಸ: ಹತ್ತು ನಿಮಿಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿ "ಸೇವ್!" ಎಂದು ಕೂಗಬೇಕು, ಎಲ್ಲರೂ ಸೇವ್ ಮಾಡಬೇಕು.

ನಿಮ್ಮ ಶಾಲೆಯಲ್ಲಿ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ತಾವೇ ಸಲಕರಣೆ ಜೋಡಿಸಿ ನೋಡುವ ಕೋಣೆ, ಇದ್ದರೆ ಅದನ್ನೂ ಬಳಸಿ. ಅದು 6ರಿಂದ 12ನೇ ತರಗತಿಯವರಿಗಾಗಿಯೇ ಇದೆ. ಅತಿಥಿಗಳು ಬಂದ ದಿನ ಮಾತ್ರ ಬೀಗ ತೆಗೆಯುವ ಕೋಣೆಯಾಗಿ ಅದನ್ನು ಉಳಿಸಬೇಡಿ.

1. ಒಂದೇ ಸಾಧನ ಆರಿಸಿ

ಇಡೀ ಅವಧಿಗೆ, ಅಂದರೆ ಜೂನ್‌ನಿಂದ ದಸರಾ ರಜೆಯವರೆಗೆ, ಒಂದು ಸಾಧನ ಸಾಕು. ಪ್ರತಿ ವಾರ ಹೊಸ ಆಪ್ ತೋರಿಸಿದರೆ ಮಕ್ಕಳು ಬಟನ್ ಹುಡುಕುವುದರಲ್ಲೇ ಕಾಲ ಕಳೆಯುತ್ತಾರೆ. ಸಾಧನ ಕೈಗೆ ಹಿಡಿದಮೇಲೆ ತಾನೇ ಯೋಚನೆ ಮಾಡಲು ಬಿಡುವು ಸಿಗುವುದು?

1ರಿಂದ 3ನೇ ತರಗತಿಗೆ ಟ್ಯಾಬ್ಲೆಟ್ ಇದ್ದರೆ ಸ್ಕ್ರ್ಯಾಚ್ ಜೂನಿಯರ್. ಅದರ ಬ್ಲಾಕ್‌ಗಳ ಮೇಲೆ ಅಕ್ಷರಗಳಿಲ್ಲ, ಚಿತ್ರಗಳಿವೆ. ಓದಲು ಇನ್ನೂ ಕಲಿಯುತ್ತಿರುವ ಮಗುವೂ ಬಳಸಬಹುದು. ಕಂಪ್ಯೂಟರ್ ಮಾತ್ರ ಇದ್ದರೆ ಟಕ್ಸ್ ಪೇಂಟ್, ಮಕ್ಕಳಿಗಾಗಿಯೇ ಮಾಡಿದ ಚಿತ್ರ ಬಿಡಿಸುವ ತಂತ್ರಾಂಶ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ತರಗತಿ ನಡೆಸಿದ ಶಿಕ್ಷಕರಿಗೆ ಇಲ್ಲಿ ಹೊಸದೇನೂ ಅನ್ನಿಸುವುದಿಲ್ಲ. ಗುಂಪು, ಸ್ವಂತ ವೇಗ, ಕೈಕೆಲಸ ಎಲ್ಲ ಅದೇ.

4ರಿಂದ 7ಕ್ಕೆ ಸ್ಕ್ರ್ಯಾಚ್. ಎರಡನೇ ಯೋಚನೆ ಬೇಡ.

8ರಿಂದ 10ಕ್ಕೆ ನೀವು ಯಾವ ವಿಷಯ ಕಲಿಸುತ್ತೀರಿ ಎಂದು ನೋಡಿಕೊಳ್ಳಿ. ಗಣಿತದವರಿಗೆ ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಇದನ್ನು ಶುರು ಮಾಡಿದರು. ವಿಜ್ಞಾನ, ಸಮಾಜದವರಿಗೆ ಮತ್ತೆ ಸ್ಕ್ರ್ಯಾಚ್. ಭಾಷಾ ಶಿಕ್ಷಕರಿಗೆ ಎರಡು ಒಳ್ಳೆ ದಾರಿಗಳಿವೆ. ಒಂದು ಆಡಾಸಿಟಿ, ಧ್ವನಿ ಕತ್ತರಿಸಿ ಜೋಡಿಸುವ ಉಚಿತ ತಂತ್ರಾಂಶ. ಇನ್ನೊಂದು ನಮ್ಮ ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್. ಅಲ್ಲಿ ಕನ್ನಡದ ಮಕ್ಕಳ ಕಥೆಗಳಿವೆ, ಚಿತ್ರಗಳ ದೊಡ್ಡ ಸಂಗ್ರಹವಿದೆ. ಆ ಚಿತ್ರಗಳನ್ನು ತೆಗೆದುಕೊಂಡು ಮಕ್ಕಳು ತಮ್ಮ ಕಥೆ ಕಟ್ಟಬಹುದು. ಮುಕ್ತ ಪರವಾನಗಿ ಇರುವುದರಿಂದ, ಅಂದರೆ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ್ದರಿಂದ, ಹಕ್ಕಿನ ತಲೆನೋವಿಲ್ಲ.

ಲ್ಯಾಬೇ ಇಲ್ಲ, ಒಂದು ಫೋನ್ ಮಾತ್ರ ಇದೆ ಎನ್ನುವವರು ಸ್ಟಾಪ್ ಮೋಷನ್ ಮಾಡಿಸಿ. ವಸ್ತುವನ್ನು ಚೂರು ಚೂರೇ ಜರುಗಿಸುತ್ತಾ ಒಂದೊಂದೇ ಫೋಟೋ ತೆಗೆದು ಓಡಿಸಿದರೆ ಅದು ಚಲಿಸಿದಂತೆ ಕಾಣುತ್ತದೆ. ಸೆಕೆಂಡಿಗೆ 8 ಫೋಟೋ ಲೆಕ್ಕ ಹಿಡಿದರೆ ಅರ್ಧ ನಿಮಿಷಕ್ಕೆ 240 ಫೋಟೋ. ಅದಕ್ಕೇ ಮೊದಲ ಸಲ ಹತ್ತು ಸೆಕೆಂಡಿನ ಕಥೆ ಸಾಕು.

2. ಮಕ್ಕಳು ಬರುವ ಮುಂಚೆ ಲ್ಯಾಬ್‌ನಲ್ಲಿ ನೀವೇ ಕೂತು ನೋಡಿ

ಹೆಚ್ಚು ಕ್ಲಾಸುಗಳು ಹಾಳಾಗುವುದು ಈ ಹಂತ ಬಿಟ್ಟಿದ್ದಕ್ಕೆ. ನಿಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಲ್ಯಾಬ್‌ನಲ್ಲಿ ಓಡಬೇಕೆಂದಿಲ್ಲ.

ಮೊದಲು ಇಂಟರ್ನೆಟ್. ನೆಟ್ ಇಲ್ಲ ಎಂದೇ ಅಂದುಕೊಂಡು ತಯಾರಿ ಮಾಡಿ. ಸ್ಕ್ರ್ಯಾಚ್, ಜಿಯೋಜೀಬ್ರಾ, ಆಡಾಸಿಟಿ ಮೂರನ್ನೂ ಇಳಿಸಿಕೊಂಡು ನೆಟ್ ಇಲ್ಲದೆ ಓಡಿಸಬಹುದು. ಲ್ಯಾಬ್‌ನಲ್ಲಿ ಉಬುಂಟು, ಅಂದರೆ ವಿಂಡೋಸ್ ಬದಲು ಬಳಸುವ ಉಚಿತ ಲಿನಕ್ಸ್ ವ್ಯವಸ್ಥೆ, ಇದ್ದರೆ ಒಂದು ತೊಡಕಿದೆ. ಸ್ಕ್ರ್ಯಾಚ್ ತಂಡದ ಆಫ್‌ಲೈನ್ ಆಪ್ ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್, ಕ್ರೋಮ್‌ಬುಕ್‌ಗಳಿಗೆ ಇದೆ, ಲಿನಕ್ಸ್‌ಗೆ ಇಲ್ಲ. ಅಲ್ಲಿ ಟರ್ಬೋವಾರ್ಪ್ ಡೆಸ್ಕ್‌ಟಾಪ್ ಹಾಕಿ. ಸ್ಕ್ರ್ಯಾಚ್ ಫೈಲುಗಳು ಅದರಲ್ಲೂ ತೆರೆಯುತ್ತವೆ.

ಆಮೇಲೆ ಕನ್ನಡ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಸ್ಕ್ರ್ಯಾಚ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಆ ಫಾಂಟ್‌ಗಳು ಯೂನಿಕೋಡ್ ಅಲ್ಲದಿರುವುದೇ ಕಾರಣ. ಯೂನಿಕೋಡ್ ಎಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳೂ ಒಪ್ಪಿಕೊಂಡ ಸಂಕೇತ. ನುಡಿಯನ್ನೇ ಬಳಸುವುದಾದರೆ ಯೂನಿಕೋಡ್ ಆಯ್ಕೆಯಲ್ಲಿ ಇಡಿ. ಉಬುಂಟುವಿನಲ್ಲಿ ಕಗಪ ವಿನ್ಯಾಸದ ಕನ್ನಡ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಕೀಲಿಮಣೆ ಸಿದ್ಧವಾದಮೇಲೆ ಸ್ಕ್ರ್ಯಾಚ್‌ನಲ್ಲಿ ಪಾತ್ರದ ಮಾತು ತೋರಿಸುವ "ಸೇ" ಬ್ಲಾಕ್‌ನಲ್ಲಿ "ಸ್ತ್ರೀ, ಸೂರ್ಯ, ಕೃಷ್ಣ" ಎಂದು ಟೈಪ್ ಮಾಡಿ. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕಂಡರೆ ಮುಂದಕ್ಕೆ ಹೋಗಿ.

ಮಕ್ಕಳು ತಮ್ಮ ಭಾಷೆಯಲ್ಲೇ ಬರೆಯಲಿ, ಮಾತಾಡಲಿ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲೂ ಇದಕ್ಕೆ ಅವಕಾಶ ಕೊಡಿ. ಬೆಂಗಳೂರಿನ ಕ್ಲಾಸಿನಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳೂ ಇರುತ್ತಾರಲ್ವಾ? ಅವರ ಪಾತ್ರಗಳು ಆ ಭಾಷೆಯಲ್ಲೇ ಮಾತಾಡಲಿ. ಟೈಪಿಂಗ್ ಬರದಿದ್ದರೆ ಸ್ಕ್ರ್ಯಾಚ್‌ನಲ್ಲೇ ಧ್ವನಿ ರೆಕಾರ್ಡ್ ಮಾಡಬಹುದು.

ಆಡಾಸಿಟಿ ಬಳಸುವವರಿಗೆ ಒಂದು ಎಚ್ಚರಿಕೆ. ಎಷ್ಟೋ ಫೋನ್‌ಗಳು ರೆಕಾರ್ಡಿಂಗನ್ನು ಎಂ4ಎ ರೂಪದಲ್ಲಿ ಉಳಿಸುತ್ತವೆ. ವಿಂಡೋಸ್‌ನ ಆಡಾಸಿಟಿಗೆ ಅದು ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಪುಟ್ಟ ತಂತ್ರಾಂಶ ಹಾಕಬೇಕು. ಇಲ್ಲವೇ ಫೋನ್‌ನ ರೆಕಾರ್ಡರ್‌ನಲ್ಲಿ ವೇವ್ ಅಥವಾ ಎಂಪಿ3 ಆಯ್ಕೆ ಇದ್ದರೆ ಮೊದಲೇ ಬದಲಿಸಿಕೊಳ್ಳಿ.

3. ಪ್ರಶ್ನೆ ಕಟ್ಟಿ

ಸಾಧನ ಆರಿಸಲು ಹಿಡಿದದ್ದಕ್ಕಿಂತ ಜಾಸ್ತಿ ಸಮಯ ಇದಕ್ಕೆ ಕೊಡಿ.

ಎರಡು ಥರದ ಪ್ರಶ್ನೆಗಳು ಕೆಲಸ ಕೆಡಿಸುತ್ತವೆ. ಒಂದು ತೀರಾ ಬಿಗಿ: "ಸ್ಕ್ರ್ಯಾಚ್ ತೆರೆದಕೂಡಲೇ ಕಾಣುವ ಬೆಕ್ಕು ಎಡದಿಂದ ಬಲಕ್ಕೆ ನಡೆದು ಹಲೋ ಎನ್ನಬೇಕು." ಎಲ್ಲರೂ ಅದನ್ನೇ ಮಾಡುತ್ತಾರೆ. ಇನ್ನೊಂದು ತೀರಾ ಸಡಿಲ: "ನಿಮಗೆ ಇಷ್ಟವಾದದ್ದು ಮಾಡಿ." ಕೇಳಲು ಚೆನ್ನಾಗಿದೆ. ಆದರೆ ಅರ್ಧ ಮಕ್ಕಳು ಖಾಲಿ ಪರದೆ ನೋಡುತ್ತಾ ಕೂರುತ್ತಾರೆ, ಉಳಿದರ್ಧ ಫೋನ್‌ನಲ್ಲಿ ಆಡುವ ಆಟವನ್ನೇ ಇಲ್ಲಿಗೂ ತರುತ್ತಾರೆ. ಕೆಲವನ್ನು ನೀವು ಕಟ್ಟಿಹಾಕಿ, ಉಳಿದದ್ದನ್ನು ಬಿಟ್ಟುಬಿಡಿ. ಅಳತೆ, ಅವಧಿ, ಬಳಸಬೇಕಾದ ಪರಿಕಲ್ಪನೆ ಇವನ್ನು ಕಟ್ಟಿಹಾಕಬಹುದು. ವಿಷಯ, ರೂಪ, ಕೊನೆ ಹೇಗೆ ಎನ್ನುವುದು ಮಕ್ಕಳದು.

ಗಣಿತ, 6ರಿಂದ 8: "ಒಂದೇ ಆಕೃತಿಯನ್ನು ತಿರುಗಿಸುತ್ತಾ ತಿರುಗಿಸುತ್ತಾ ರಂಗೋಲಿ ಮಾಡಿ. ಆಕೃತಿ ನಿಮ್ಮ ಆಯ್ಕೆ. ಯಾವ ಕೋನ ಬಳಸಿದಿರಿ, ಯಾಕೆ ಅದೇ ಕೋನ ಎಂದು ಹೇಳಬೇಕು." ಇದರ ವಿವರ 5ನೇ ಹಂತದಲ್ಲಿ ಕೊಟ್ಟಿದ್ದೇನೆ.

ವಿಜ್ಞಾನ ಮತ್ತು ಭೂಗೋಳ: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ, ಅಂದರೆ ಉದ್ದನೆಯ ದಿಣ್ಣೆಯ, ಮೇಲಿದೆ. ದೊಡ್ಡ ನದಿ ಇಲ್ಲ. ಅದಕ್ಕೇ ಹಿಂದಿನವರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಹೋಗಿ, ಅಲ್ಲಿಂದ ದಕ್ಷಿಣ ಪಿನಾಕಿನಿಯ ಕಡೆ ಹರಿಯುತ್ತದೆ. ಇಷ್ಟು ಹೇಳಿ ಈ ಪ್ರಶ್ನೆ ಕೊಡಿ: "ಮೂರು ಕೆರೆಗಳ ಒಂದು ಸಾಲು ಮಾಡಿ. ಮಳೆ ಎಷ್ಟು ಎಂಬುದನ್ನು ಬಳಸುವವರು ಬದಲಿಸುವ ಹಾಗಿರಬೇಕು. ನಡುವಿನ ಕಾಲುವೆ ಮುಚ್ಚಿದರೆ ಏನಾಗುತ್ತದೆ ತೋರಿಸಿ." ಇದಕ್ಕೆ ಸ್ಕ್ರ್ಯಾಚ್‌ನ ವೇರಿಯಬಲ್ ಬೇಕು. ವೇರಿಯಬಲ್ ಎಂದರೆ ಬದಲಾಗುವ ಸಂಖ್ಯೆಯೊಂದನ್ನು ಹೆಸರಿಟ್ಟು ಉಳಿಸಿಕೊಳ್ಳುವ ಜಾಗ. "ಕೆರೆ1" ನೂರಕ್ಕಿಂತ ಜಾಸ್ತಿ ಆದರೆ ಹೆಚ್ಚಾದದ್ದು "ಕೆರೆ2"ಕ್ಕೆ ಸೇರಬೇಕು. ಒಂದು ಗುಂಪು ಮೀನಿನ ಕಣ್ಣಿನಿಂದ ತೋರಿಸಬಹುದು, ಇನ್ನೊಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡ ಬೈಕಿನ ಕಥೆ ಮಾಡಬಹುದು. ಎರಡರ ಒಳಗಿನ ಲೆಕ್ಕ ಒಂದೇ.

ಸಮಾಜ ವಿಜ್ಞಾನ: ಊರಿನ ಹೆಸರಿನ ಬಗ್ಗೆ ಎಲ್ಲ ಮಕ್ಕಳಿಗೂ ಒಂದು ಕಥೆ ಗೊತ್ತು. ದಾರಿ ತಪ್ಪಿದ ಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆ. ಹೊಯ್ಸಳ ಎರಡನೇ ವೀರಬಲ್ಲಾಳ ಆಳಿದ್ದು ಸುಮಾರು 1173ರಿಂದ 1220ರವರೆಗೆ. ಆದರೆ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲೇ "ಬೆಂಗಳೂರ ಕಾಳಗ"ದ ಪ್ರಸ್ತಾಪ ಇದೆ. ಅಂದರೆ ಕಥೆಯ ರಾಜನಿಗಿಂತ ಸುಮಾರು 300 ವರ್ಷ ಮೊದಲೇ ಹೆಸರು ಇತ್ತು. ಪ್ರಶ್ನೆ ಹೀಗಿರಲಿ: "ಕಥೆ ಮತ್ತು ಶಾಸನ, ಎರಡನ್ನೂ ಒಂದೇ ಅನಿಮೇಷನ್‌ನಲ್ಲಿ ತನ್ನಿ. ಎರಡು ನಿಮಿಷ ಮೀರಬಾರದು. ನೋಡುವವರಿಗೆ ಯಾವುದಕ್ಕೆ ಆಧಾರ ಇದೆ ಎಂದು ಗೊತ್ತಾಗಬೇಕು." ಅಜ್ಜಿ ಮತ್ತು ವೀರಗಲ್ಲಿನ ವೀರ ಮಾತಾಡಿಕೊಳ್ಳಬಹುದು, ಕೋರ್ಟಿನ ವಾದ ಆಗಬಹುದು, ಮಗು ಮತ್ತು ತಾತನ ಪ್ರಶ್ನೋತ್ತರ ಆಗಬಹುದು. ಸಾಧ್ಯವಾದರೆ ಬೇಗೂರಿಗೇ ಕರೆದುಕೊಂಡು ಹೋಗಿ. ಕಲ್ಲನ್ನು ಕಣ್ಣಾರೆ ಕಂಡ ಮಕ್ಕಳು ಮಾಡುವ ಕೆಲಸದ ತೂಕವೇ ಬೇರೆ.

ಕನ್ನಡ: "ನಮ್ಮ ಬೀದಿಯ ಒಂದು ನಿಮಿಷ." ಸೊಪ್ಪಿನವರ ಕೂಗು, ಬಿಎಂಟಿಸಿ ಕಂಡಕ್ಟರ್‌ನ "ರೈಟ್ ರೈಟ್", ಕುಕ್ಕರ್ ಸೀಟಿ, ಮೆಟ್ರೋ ಪ್ರಕಟಣೆ. ಐದು ಸದ್ದು ಮತ್ತು ಮಗು ತಾನೇ ಬರೆದ ಐದು ಸಾಲು. ಕಾರ್ತಿಕ ಮಾಸದಲ್ಲಾದರೆ ಬಸವನಗುಡಿಯ ಕಡಲೆಕಾಯಿ ಪರಿಷೆ ಇದಕ್ಕೆ ಹೇಳಿ ಮಾಡಿಸಿದ ಜಾಗ.

9, 10ರ ರೇಖಾಗಣಿತ: ಜಿಯೋಜೀಬ್ರಾದಲ್ಲಿ "ಎಳೆದರೂ ಚೌಕವಾಗೇ ಉಳಿಯುವ ಚೌಕ ಕಟ್ಟಿ. ಎಷ್ಟು ದಾರಿಯಲ್ಲಿ ಕಟ್ಟಬಹುದೋ ಅಷ್ಟೂ ಬೇಕು." ಮಕ್ಕಳು ಮೊದಲು ಕಣ್ಣಳತೆಯಲ್ಲಿ ನಾಲ್ಕು ಬಿಂದು ಇಡುತ್ತಾರೆ. ಒಂದು ಮೂಲೆ ಹಿಡಿದು ಎಳೆದರೆ ಆಕಾರ ಕೆಡುತ್ತದೆ. ಆಗ ಲಂಬರೇಖೆ, ವೃತ್ತ, ಕರ್ಣ ಇವುಗಳ ಗುಣ ತಾನಾಗಿ ಬೇಕಾಗುತ್ತದೆ.

ನಿಮ್ಮ ಪ್ರಶ್ನೆ ಚೆನ್ನಾಗಿದೆಯಾ ಎಂದು ತಿಳಿಯಲು ಸುಲಭ ದಾರಿ: ನೀವೇ ಮೂರು ಬೇರೆ ಬೇರೆ ಉತ್ತರ ಊಹಿಸಿ ನೋಡಿ. ಮೂರು ಬರಲಿಲ್ಲ ಅಂದರೆ ಪ್ರಶ್ನೆ ಬಿಗಿಯಾಯಿತು.

4. ಮೊದಲು ಕಾಗದ

ಒಂದು ಪೂರ್ತಿ ಪೀರಿಯಡ್ ಕಂಪ್ಯೂಟರ್ ಆನ್ ಮಾಡಬೇಡಿ. ಗುಂಪಿನ ನೋಟ್‌ಬುಕ್‌ನಲ್ಲಿ ಚಿತ್ರ, ಬಾಣದ ಗುರುತು, ಪಾತ್ರಗಳ ಮಾತು ಬರಲಿ. ಮಕ್ಕಳು ಗೊಣಗುತ್ತಾರೆ, ಇರಲಿ. ಪರದೆ ಮುಂದೆ ಕೂತಕೂಡಲೇ ಗಮನ ಬಣ್ಣಕ್ಕೆ, ಬೆಕ್ಕಿನ ವೇಷಕ್ಕೆ ಹೋಗಿಬಿಡುತ್ತದೆ. ಕಾಗದದಲ್ಲಿ ಏನಿದೆಯೋ ಅದು ಮಗುವಿನ ಯೋಚನೆ. ಆಮೇಲೆ ಅದು ಬದಲಾದರೂ ಪರವಾಗಿಲ್ಲ. ಹಳೆಯದನ್ನು ಅಳಿಸಬಾರದು ಅನ್ನುವುದೊಂದೇ ನಿಯಮ. ಮುಂದೆ ಅಂಕ ಕೊಡುವಾಗ ಈ ಪುಟಗಳು ಬೇಕಾಗುತ್ತವೆ.

5. ಮೊದಲ ಕಂಪ್ಯೂಟರ್ ಪೀರಿಯಡ್: ಹತ್ತು ನಿಮಿಷ ನಿಮ್ಮದು, ಉಳಿದದ್ದು ಅವರದು

40 ನಿಮಿಷದ ಪೀರಿಯಡ್‌ನಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನೀವು ತೋರಿಸಬಾರದು. ಪೂರ್ತಿ ಮುಗಿದ ಮಾದರಿಯನ್ನಂತೂ ತೋರಿಸಲೇಬೇಡಿ. ಚಂದದ ಮಾದರಿ ಕಂಡ ಮಗು ಅದನ್ನೇ ಮಾಡಲು ಹೊರಡುತ್ತದೆ. ತೋರಿಸಲೇಬೇಕೆಂದರೆ ಒಂದಕ್ಕೊಂದು ಹೋಲದ ಮೂರನ್ನು ತೋರಿಸಿ, ಆಮೇಲೆ ಮುಚ್ಚಿ.

ರಂಗೋಲಿಯ ಉದಾಹರಣೆ ಪೂರ್ತಿ ಹೇಳುತ್ತೇನೆ, ಹೀಗೇ ಮಾಡಬಹುದು.

ಸ್ಕ್ರ್ಯಾಚ್‌ನ ಕೆಳಗೆ ಎಡಮೂಲೆಯಲ್ಲಿ ಎಕ್ಸ್‌ಟೆನ್ಶನ್ ಬಟನ್ ಇದೆ. ಅದನ್ನು ಒತ್ತಿ "ಪೆನ್" ಸೇರಿಸಿ. ಹಸಿರು ಬಾವುಟದ ಬ್ಲಾಕ್ ಕೆಳಗೆ ಈ ಕ್ರಮದಲ್ಲಿ ಜೋಡಿಸಿ: ಪೆನ್ ಅಪ್, ಎಕ್ಸ್ ಸೊನ್ನೆ ವೈ ಸೊನ್ನೆಗೆ ಹೋಗು, ದಿಕ್ಕು 90, ಎಲ್ಲ ಅಳಿಸು, ಪೆನ್ ಡೌನ್. ಮೊದಲ ನಾಲ್ಕನ್ನು ಬಿಟ್ಟರೆ ಎರಡನೇ ಸಲ ಓಡಿಸಿದಾಗ ಹಳೆಯ ಗೆರೆಯ ಮೇಲೆ ಹೊಸ ಗೆರೆ ಬಿದ್ದು ಎಲ್ಲ ಗೋಜಲಾಗುತ್ತದೆ. ಸ್ಕ್ರ್ಯಾಚ್‌ನ ವೇದಿಕೆ 480 ಅಗಲ, 360 ಎತ್ತರ, ನಡುವೆ ಸೊನ್ನೆ. ನಿರ್ದೇಶಾಂಕಗಳ ಪಾಠ ಇಲ್ಲೇ ಸಿಕ್ಕಿತು ನೋಡಿ.

ಈಗ "ರಿಪೀಟ್ 4", ಅದರೊಳಗೆ "100 ಹೆಜ್ಜೆ ಮುಂದೆ", "90 ಡಿಗ್ರಿ ತಿರುಗು". ಚೌಕ ಬಂತು. ನಿಮ್ಮ ಪ್ರದರ್ಶನ ಇಲ್ಲಿಗೆ ನಿಲ್ಲಲಿ. "ಸಮಬಾಹು ತ್ರಿಭುಜ ಹೇಗೆ?" ಎಂದು ಕೇಳಿ ಪಕ್ಕಕ್ಕೆ ಸರಿಯಿರಿ.

ಮುಕ್ಕಾಲುಪಾಲು ಮಕ್ಕಳು ರಿಪೀಟ್ 3, ಕೋನ 60 ಎಂದು ಹಾಕುತ್ತಾರೆ. ತ್ರಿಭುಜದ ಒಳಕೋನ 60 ಎಂದು ಓದಿದ್ದಾರಲ್ಲ! ಬರುವುದು ಮಾತ್ರ ಅರ್ಧ ಷಡ್ಭುಜ. ಇಲ್ಲಿ ನೀವು ಉತ್ತರ ಹೇಳಿಬಿಟ್ಟರೆ ಇಡೀ ಪಾಠದ ಅತಿ ಒಳ್ಳೆ ಕ್ಷಣ ಕೈಬಿಟ್ಟ ಹಾಗೆ. ಒಂದು ಮಗುವನ್ನು ಹೊರಗೆ ಕರೆದು ನೆಲದ ಮೇಲೆ ಸೀಮೆಸುಣ್ಣದ ತ್ರಿಭುಜದ ಗೆರೆಯ ಮೇಲೆ ನಡೆಸಿ. ಮೂಲೆಯಲ್ಲಿ ದೇಹ ಎಷ್ಟು ತಿರುಗಿತು ಎಂದು ಉಳಿದವರು ನೋಡಲಿ. 60 ಅಲ್ಲ, 120. ತಿರುಗುವುದು ಬಾಹ್ಯಕೋನ ಎಂದು ಅವರೇ ಹೇಳುತ್ತಾರೆ. ಆಮೇಲೆ ಪಂಚಭುಜಕ್ಕೆ 72, ಷಡ್ಭುಜಕ್ಕೆ 60, ಎಂಟು ಬಾಹುವಿಗೆ 45. ಯಾವುದಾದರೂ ಒಬ್ಬ ಹುಡುಗಿ 360 ಅನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕು ಎಂದು ಕಂಡುಹಿಡಿಯುತ್ತಾಳೆ. ಅವಳ ಹೆಸರನ್ನು ಆ ನಿಯಮದ ಪಕ್ಕ ಬೋರ್ಡ್ ಮೇಲೆ ಬರೆಯಿರಿ.

ರಂಗೋಲಿಗೆ ಇನ್ನೊಂದೇ ಹೆಜ್ಜೆ. ಇಡೀ ಷಡ್ಭುಜವನ್ನು ಇನ್ನೊಂದು "ರಿಪೀಟ್ 12" ಒಳಗಿಟ್ಟು, ಪ್ರತಿ ಸಲ 30 ಡಿಗ್ರಿ ತಿರುಗಿಸಿದರೆ ಹೂವು ಅರಳುತ್ತದೆ. 30 ಬದಲು 31 ಹಾಕಿದವರದ್ದು ಕೊನೆಗೆ ಕೂಡಿಕೊಳ್ಳುವುದಿಲ್ಲ. ಅದನ್ನು ತಪ್ಪು ಎನ್ನಬೇಡಿ. "12 ಅನ್ನು 360 ಮಾಡಿ ನೋಡು" ಎನ್ನಿ.

6. ಕೂರಿಸುವ ರೀತಿ

ಒಂದು ಕಂಪ್ಯೂಟರ್‌ಗೆ ಇಬ್ಬರು. ಮೂವರಾದರೆ ಮೂರನೆಯವರು ಕಿಟಕಿ ನೋಡುತ್ತಾರೆ. 40 ಮಕ್ಕಳು, ಹತ್ತು ಕಂಪ್ಯೂಟರ್ ಇದ್ದರೆ 20 ಮಕ್ಕಳು ಪರದೆ ಮುಂದೆ, 20 ಮಕ್ಕಳು ಕಾಗದದ ಕೆಲಸ ಅಥವಾ ಧ್ವನಿ ರೆಕಾರ್ಡಿಂಗ್. ಮುಂದಿನ ಪೀರಿಯಡ್‌ನಲ್ಲಿ ಅದಲು ಬದಲು.

ಮೌಸ್ ಯಾರ ಕೈಯಲ್ಲಿದೆ ಎಂದು ಸದಾ ನೋಡುತ್ತಿರಿ. ಮನೆಯಲ್ಲಿ ಕಂಪ್ಯೂಟರ್ ಇರುವ ಮಗು ಮೌಸ್ ಬಿಡುವುದಿಲ್ಲ, ಇಲ್ಲದ ಮಗು ಕೇಳುವುದಿಲ್ಲ. ಹುಡುಗ ಹುಡುಗಿ ಜೊತೆಗೆ ಕೂತ ಕಡೆ ಹುಡುಗಿ ನೋಟ್‌ಬುಕ್ ಬರೆಯುವವಳಾಗಿಬಿಡುತ್ತಾಳೆ. ಸಮಾನತೆಯ ಭಾಷಣ ಇದಕ್ಕೆ ಸಾಲದು, ಗಡಿಯಾರ ಬೇಕು. ಹತ್ತು ನಿಮಿಷಕ್ಕೆ "ಸೇವ್" ಎಂದು ಕೂಗಿದಾಗಲೇ ಕುರ್ಚಿಯೂ ಬದಲಾಗಲಿ.

7. ಮಗು ಸಿಕ್ಕಿಕೊಂಡಾಗ ನಿಮ್ಮ ಕೈ ಬೆನ್ನ ಹಿಂದಿರಲಿ

ಮೌಸ್ ಮುಟ್ಟಬೇಡಿ. ಇದು ಕಷ್ಟ, ಯಾಕೆಂದರೆ ನಿಮಗೆ ಉತ್ತರ ಕಾಣುತ್ತಿರುತ್ತದೆ, ಪೀರಿಯಡ್ ಮುಗಿಯುತ್ತಾ ಬಂದಿರುತ್ತದೆ. ಆದರೂ ಮುಟ್ಟಬೇಡಿ. ಈ ಪ್ರಶ್ನೆಗಳು ಸಾಕು: "ನೀನು ಏನಾಗಬೇಕು ಅಂದುಕೊಂಡೆ?" "ಏನಾಯ್ತು?" "ಎಲ್ಲಿಂದ ಬೇರೆ ಆಗೋಕೆ ಶುರುವಾಯ್ತು?" ಎಷ್ಟೋ ಸಲ ಎರಡನೇ ಪ್ರಶ್ನೆಗೆ ಉತ್ತರ ಹೇಳುವಾಗಲೇ ಮಗುವಿಗೆ ತಪ್ಪು ಕಾಣುತ್ತದೆ.

ಇನ್ನೊಂದು ಒಳ್ಳೆ ನಿಯಮ: ನಿಮ್ಮನ್ನು ಕರೆಯುವ ಮುಂಚೆ ಪಕ್ಕದ ಇಬ್ಬರನ್ನು ಕೇಳಬೇಕು. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ಇಬ್ಬರೂ ಹುಡುಕೋಣ" ಎನ್ನಿ. ಪ್ರೋಗ್ರಾಮಿಂಗ್ ಪೂರ್ತಿ ಕಲಿತಮೇಲೆ ಶುರು ಮಾಡುತ್ತೇನೆ ಎಂದು ಕಾಯುವ ಶಿಕ್ಷಕರು ತುಂಬ ಜನ. ಅಷ್ಟು ಕಾಯಬೇಕಿಲ್ಲ.

8. ನೋಡುವ ದಿನ

ಮುಗಿಯದ ಕೆಲಸವನ್ನೂ ತೋರಿಸುವ ದಿನ ಇಡಿ. ಎಲ್ಲ ಪರದೆಗಳ ಮೇಲೆ ಕೆಲಸ ತೆರೆದಿಟ್ಟು ಮಕ್ಕಳು ಸುತ್ತಾಡಲಿ. ಗುಂಪಿನ ಒಬ್ಬರು ಕೂತು ವಿವರಿಸುತ್ತಾರೆ, ಇನ್ನೊಬ್ಬರು ಸುತ್ತುತ್ತಾರೆ, ಆಮೇಲೆ ಬದಲು. "ಚೆನ್ನಾಗಿದೆ" ಎಂದಷ್ಟೇ ಹೇಳುವುದು ಬೇಡ. "ಇದನ್ನು ಹೇಗೆ ಮಾಡಿದೆ?" ಎಂಬ ಒಂದು ಪ್ರಶ್ನೆ, "ನಾನಾಗಿದ್ದರೆ ಇದನ್ನೂ ಸೇರಿಸುತ್ತಿದ್ದೆ" ಎಂಬ ಒಂದು ಮಾತು. ಇದಾದ ಮೇಲೆ ತಿದ್ದಲು ಇನ್ನೊಂದು ಪೀರಿಯಡ್ ಕಡ್ಡಾಯವಾಗಿ ಕೊಡಿ. ಆ ಪೀರಿಯಡ್ ಉಳಿಸಿಕೊಳ್ಳಲು ಟೈಮ್ ಟೇಬಲ್ ಜೊತೆ ಜಗಳವಾಡಬೇಕಾದರೂ ಆಡಿ. ಕೆಲಸ ನಿಜವಾಗಿ ಸುಧಾರಿಸುವುದು ಆಗಲೇ.

ಬೇರೆಯವರ ಕೆಲಸ ತೆಗೆದುಕೊಂಡು ಬದಲಿಸುವುದಕ್ಕೆ ಸ್ಕ್ರ್ಯಾಚ್‌ನಲ್ಲಿ ರೀಮಿಕ್ಸ್ ಎನ್ನುತ್ತಾರೆ. ಅದಕ್ಕೆ ಅವಕಾಶ ಇರಲಿ, ಆದರೆ ಯಾರದ್ದು ಎಂದು ಹೆಸರು ಹೇಳಲೇಬೇಕು. ಸಿನಿಮಾ ಹಾಡು ಹಾಕಲು ಮಕ್ಕಳು ಹಟ ಮಾಡುತ್ತಾರೆ. ಹಾಡಿನ ಹಕ್ಕು ಬೇರೆಯವರದು ಎಂದು ಹೇಳಿ, ಅವರೇ ಹಾಡಲಿ, ಡಬ್ಬ ಬಡಿದು ತಾಳ ಹಾಕಲಿ.

9. ಅಂಕ ಹೇಗೆ?

ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಎಫ್‌ಎ ಚಟುವಟಿಕೆಯಾಗಿ ಇದನ್ನು ಸೇರಿಸಿಕೊಳ್ಳಬಹುದು. ಮುಖ್ಯಶಿಕ್ಷಕರ ಜೊತೆ ಮೊದಲೇ ಮಾತಾಡಿ. ಅಂಕ ಪರದೆಯ ಚಂದಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ಮನೆಯಲ್ಲಿ ಅಣ್ಣನೋ ಟ್ಯೂಷನ್ನಿನವರೋ ಮಾಡಿಕೊಟ್ಟದ್ದೂ ಚಂದವಾಗೇ ಇರುತ್ತದೆ. ನೋಟ್‌ಬುಕ್‌ನ ಮೊದಲ ಯೋಚನೆಯಿಂದ ಕೊನೆಯ ಕೆಲಸದವರೆಗೆ ಏನು ಬದಲಾಯಿತು, ಯಾಕೆ ಎಂದು ನೋಡಿ. ಮಗುವನ್ನು ಕೂರಿಸಿ ಒಂದು ಬ್ಲಾಕ್ ತೆಗೆದರೆ ಏನಾಗುತ್ತದೆ ಎಂದು ಕೇಳಿ. ಎರಡು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ. ಪಾಠದ ಪರಿಕಲ್ಪನೆ ಸರಿಯಿದೆಯಾ ಎಂಬುದಕ್ಕೆ ಬೇರೆ ಅಂಕ ಇಡಿ. ಕೆರೆಯ ಅನಿಮೇಷನ್ ಎಷ್ಟೇ ಸೊಗಸಾಗಿದ್ದರೂ ನೀರು ಕೆಳಗಿನಿಂದ ಮೇಲಕ್ಕೆ ಹರಿದರೆ ಅದನ್ನು ತಿದ್ದಬೇಕಲ್ವಾ?

10. ಸುರಕ್ಷತೆ, ಮತ್ತು ಎಐ ಪ್ರಶ್ನೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಅಕೌಂಟ್ ಬೇಡದ ದಾರಿಯೇ ಒಳ್ಳೆಯದು. ಆಫ್‌ಲೈನ್ ಕೆಲಸಕ್ಕೆ ಅಕೌಂಟ್ ಬೇಕೇ ಆಗುವುದಿಲ್ಲ. ಸ್ಕ್ರ್ಯಾಚ್ ಆನ್‌ಲೈನ್ ಬೇಕಾದರೆ ಟೀಚರ್ ಅಕೌಂಟ್‌ಗೆ ಅರ್ಜಿ ಹಾಕಿ. ಅದರ ಮೂಲಕ ಮಕ್ಕಳ ಇಮೇಲ್ ಇಲ್ಲದೆಯೇ ವಿದ್ಯಾರ್ಥಿ ಅಕೌಂಟ್ ಮಾಡಬಹುದು. ಬಳಕೆದಾರ ಹೆಸರಿನಲ್ಲಿ ಮಗುವಿನ ಪೂರ್ತಿ ಹೆಸರು, ಶಾಲೆಯ ಹೆಸರು ಬೇಡ. ಮುಖ ಕಾಣುವ ವಿಡಿಯೋವನ್ನು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆಯೂ ಪೋಷಕರನ್ನು ಕೇಳಿ.

ಚಿತ್ರ, ಕಥೆ ಬರೆದುಕೊಡುವ ಎಐ ಬಳಸಬಹುದಾ ಎಂದು ಈಗ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ. ಪ್ರೈಮರಿ ಮಕ್ಕಳಿಗೆ ಬೇಡ. ಹೈಸ್ಕೂಲಿನಲ್ಲಿ ಬೇಕಾದರೆ ಮಕ್ಕಳ ಮೊದಲ ಕರಡು ಮುಗಿದಮೇಲೆ, ನಿಮ್ಮ ಲಾಗಿನ್‌ನಲ್ಲಿ, ನಿಮ್ಮ ಪರದೆಯ ಮೇಲೆ ಎಲ್ಲರೂ ಸೇರಿ ನೋಡುವ ಹಾಗೆ ಬಳಸಿ. ಅದು ಕೊಟ್ಟದ್ದರಲ್ಲಿ ತಪ್ಪು ಹುಡುಕುವುದೇ ಒಂದು ಚಟುವಟಿಕೆ. ಬೇಗೂರು ಶಾಸನದ ಬಗ್ಗೆ ಕೇಳಿ, ಉತ್ತರವನ್ನು ಪುಸ್ತಕದ ಜೊತೆ ಹೋಲಿಸಲಿ. ಕರಡಿಗೂ ಮುಂಚೆ ಎಐ ಬಂದರೆ ಮಗುವಿಗೆ ಯೋಚಿಸಲು ಏನೂ ಉಳಿಯುವುದಿಲ್ಲ.

11. ಫೈಲ್ ಉಳಿಸುವುದು

ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಲ್ಲಿ ಎಡವಿ ಇಡೀ ಅವಧಿಯ ಕೆಲಸ ಕಳೆದುಕೊಳ್ಳುತ್ತಾರೆ. ಆಫ್‌ಲೈನ್ ಸ್ಕ್ರ್ಯಾಚ್ ತಾನಾಗಿ ಸೇವ್ ಮಾಡುವುದಿಲ್ಲ. ಹೆಸರು ಬದಲಿಸದಿದ್ದರೆ ಎಲ್ಲರ ಫೈಲೂ "ಸ್ಕ್ರ್ಯಾಚ್ ಪ್ರಾಜೆಕ್ಟ್" ಆಗಿ ಕೂರುತ್ತದೆ. ತರಗತಿ, ಗುಂಪಿನ ಸಂಖ್ಯೆ, ದಿನಾಂಕ, ಈ ಕ್ರಮದಲ್ಲಿ ಹೆಸರಿಡುವುದನ್ನು ಮೊದಲ ದಿನವೇ ಕಲಿಸಿ. ವಾರಕ್ಕೊಮ್ಮೆ ಎಲ್ಲವನ್ನೂ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ, ಅದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಬೇಸಿಗೆ ರಜೆಯಲ್ಲಿ ಲ್ಯಾಬ್ ಕಂಪ್ಯೂಟರ್‌ಗಳನ್ನು ಫಾರ್ಮ್ಯಾಟ್ ಮಾಡುವ ಶಾಲೆಗಳಿವೆ, ಯಾರೂ ನಿಮಗೆ ಹೇಳುವುದಿಲ್ಲ. ಮಾರ್ಚ್ ಪರೀಕ್ಷೆಗೆ ಮುಂಚೆಯೇ ಕೊನೆಯ ಪ್ರತಿ ತೆಗೆದಿಡಿ. ಮಕ್ಕಳಿಗೂ ಅವರವರ ಫೈಲ್ ಕೊಡಿ. ಜೂನ್‌ನಲ್ಲಿ ಹೊಸ ತರಗತಿ ಬಂದಾಗ ಹಿಂದಿನವರ ಕೆರೆಯ ಫೈಲನ್ನೇ ತೆರೆದು, "ಇದಕ್ಕೆ ನಾಲ್ಕನೇ ಕೆರೆ ಸೇರಿಸಿ" ಎಂದು ಶುರು ಮಾಡಬಹುದು.

ಹೆಚ್ಚಿನ ಸಾಮಗ್ರಿ ಬೇಕಾದವರು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ನೋಡಿ. ಹೈಸ್ಕೂಲ್ ವಿಷಯಗಳಿಗೆ ಕನ್ನಡದಲ್ಲೇ ಪುಟಗಳಿವೆ, ಜಿಯೋಜೀಬ್ರಾ ಫೈಲುಗಳೂ ಇವೆ. ಸರ್ಕಾರಿ ಶಾಲೆಯವರು ಡಿಎಸ್‌ಇಆರ್‌ಟಿಯ, ಅಂದರೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ, ತಂತ್ರಜ್ಞಾನ ತರಬೇತಿಗೆ ಹೆಸರು ಕೊಡುವಾಗ ಅದೇ ಶಾಲೆಯ ಇನ್ನೊಬ್ಬ ಶಿಕ್ಷಕರ ಹೆಸರನ್ನೂ ಕೊಡಿ. ಒಬ್ಬರಿಗೆ ವರ್ಗಾವಣೆ ಆದರೂ ಇನ್ನೊಬ್ಬರು ಮುಂದುವರಿಸಬಹುದು.